ನೆಲವೂ ಡೊಂಕು, ಕುಣಿತವೂ ಬಾರದು

ದೋಹಾದಲ್ಲಿ ಚೆಂಡು ಗೆರೆ ದಾಟಿತ್ತು. ಅದರಲ್ಲಿ ಯಾರಿಗೂ ಅನುಮಾನವಿಲ್ಲ. 2024ರ ಜೂನ್ 11ರಂದು ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ, 37ನೇ ನಿಮಿಷದಲ್ಲಿ ಛಾಂಗ್ಟೆ ಹೊಡೆದ ಗೋಲಿನಿಂದ ಭಾರತ ಮುಂದಿತ್ತು. 73ನೇ ನಿಮಿಷದಲ್ಲಿ ಕತಾರ್‌ಗೆ ಫ್ರೀ ಕಿಕ್ ಸಿಕ್ಕಿತು. ಯೂಸುಫ್ ಐಮನ್ ತಲೆಕೊಟ್ಟ ಚೆಂಡನ್ನು ಗುರ್‌ಪ್ರೀತ್ ಸಿಂಗ್ ಸಂಧು ನೆಲಕ್ಕೆ ಬಿದ್ದು ತಡೆದರು. ಅದು ಅವರ ಕೈ ತಪ್ಪಿ ಕಂಬದ ಪಕ್ಕದಲ್ಲಿ ಗೆರೆಯಾಚೆ ಉರುಳಿತು. ಹಾಶ್ಮಿ ಹುಸೇನ್ ಅದನ್ನು ಕಾಲಿನಲ್ಲೇ ಒಳಗೆಳೆದುಕೊಟ್ಟರು, ಐಮನ್ ಬಲೆಗೆ ತಳ್ಳಿದರು. ದಕ್ಷಿಣ ಕೊರಿಯಾದ ರೆಫರಿ ಗೋಲು ಕೊಟ್ಟೇಬಿಟ್ಟರು. ಆ ಸುತ್ತಿನಲ್ಲಿ ವಿಡಿಯೊ ನೋಡಿ ತೀರ್ಪು ತಿದ್ದುವ ವಿಎಆರ್ ವ್ಯವಸ್ಥೆ ಇರಲಿಲ್ಲ. 85ನೇ ನಿಮಿಷದಲ್ಲಿ ಅಹ್ಮದ್ ಅಲ್ ರಾವಿ ಇನ್ನೊಂದು ಹೊಡೆದರು. 2–1ರ ಸೋಲಿನೊಂದಿಗೆ ಭಾರತ ವಿಶ್ವಕಪ್ ದಾರಿಯಿಂದ ಹೊರಬಿತ್ತು.

ಭಾರತದ ಫುಟ್‌ಬಾಲ್ ಅಭಿಮಾನಿ ಇವತ್ತಿಗೂ ಆ ಗೆರೆಯ ಬಳಿಯೇ ನಿಂತಿದ್ದಾನೆ. ನಿಲ್ಲಲಿ, ಅವನ ಸಿಟ್ಟು ನ್ಯಾಯವಾದದ್ದೇ. ಆದರೆ ಆ ರಾತ್ರಿಯ ಲೆಕ್ಕವನ್ನು ಯಾರೂ ಅವನ ಮುಂದೆ ಪೂರ್ತಿಯಾಗಿ ಬಿಡಿಸಿಡಲಿಲ್ಲ. ಅದೇ ಗುಂಪಿನ ಇನ್ನೊಂದು ಪಂದ್ಯದಲ್ಲಿ ಕುವೈತ್ ತಂಡ ಅಫ್ಗಾನಿಸ್ತಾನವನ್ನು 1–0ಯಿಂದ ಸೋಲಿಸಿ 7 ಅಂಕಕ್ಕೆ ಏರಿತು. 5 ಅಂಕದೊಂದಿಗೆ ಮೈದಾನಕ್ಕಿಳಿದಿದ್ದ ಭಾರತ ಡ್ರಾ ಮಾಡಿಕೊಂಡಿದ್ದರೂ ಸಿಗುತ್ತಿದ್ದದ್ದು 6. ಅಂದರೆ ಐಮನ್ ಗೋಲನ್ನು ಅಳಿಸಿಹಾಕಿದರೂ, 85ನೇ ನಿಮಿಷದ ಗೋಲು ಹಾಗೇ ಉಳಿದರೆ ನಾವು ಹೊರಗೇ. ಮೊದಲ ಗೋಲು ಬೀಳದಿದ್ದರೆ ಆಟದ ದಿಕ್ಕೇ ಬೇರೆಯಾಗುತ್ತಿತ್ತು ಎಂಬ ವಾದವಿದೆ, ಅದನ್ನು ತಳ್ಳಿಹಾಕಲಾಗದು. ಆದರೆ ಎರಡನೇ ಗೋಲಿಗೆ ಯಾವ ರೆಫರಿಯೂ ಹೊಣೆಯಲ್ಲ.

ಅದಕ್ಕೂ ಹಿಂದೆ ಹೋಗಬೇಕು. ಅದೇ ವರ್ಷ ಮಾರ್ಚ್ 26ರಂದು ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ವಿರುದ್ಧ ಸುನಿಲ್ ಛೆಟ್ರಿ ತಮ್ಮ 150ನೇ ಅಂತರರಾಷ್ಟ್ರೀಯ ಪಂದ್ಯ ಆಡಿದರು, ಪೆನಾಲ್ಟಿಯಲ್ಲಿ ಗೋಲನ್ನೂ ಹೊಡೆದರು. ಎದುರಿಗಿದ್ದದ್ದು ವಿಶ್ವ ಕ್ರಮಾಂಕದಲ್ಲಿ 158ನೇ ಸ್ಥಾನದಲ್ಲಿದ್ದ ತಂಡ. ತಮ್ಮದೇ ಫುಟ್‌ಬಾಲ್ ಸಂಸ್ಥೆಯೊಂದಿಗೆ ಜಗಳವಾಡಿ ಅದರ ಹಲವು ಮುಖ್ಯ ಆಟಗಾರರು ಬಂದೇ ಇರಲಿಲ್ಲ. ಅಂಥ ತಂಡಕ್ಕೆ 70ನೇ ನಿಮಿಷದಲ್ಲಿ ಸಮ ಮಾಡಲು ಬಿಟ್ಟೆವು. 88ನೇ ನಿಮಿಷದಲ್ಲಿ ನಮ್ಮ ಗೋಲ್‌ಕೀಪರ್ ಎದುರಾಳಿಯನ್ನು ಬೀಳಿಸಿ ಪೆನಾಲ್ಟಿ ಕೊಟ್ಟರು, ಅದೂ ಗೋಲಾಯಿತು. ಆ ಪಂದ್ಯ ಗೆದ್ದಿದ್ದರೆ, ಹೋಗಲಿ ಡ್ರಾ ಮಾಡಿಕೊಂಡಿದ್ದರೂ, ದೋಹಾಕ್ಕೆ ಬೇರೆಯದೇ ಲೆಕ್ಕ ಹಿಡಿದುಕೊಂಡು ಹೋಗಬಹುದಿತ್ತು. ಗುವಾಹಟಿಯ ಆ ಸೋಲನ್ನು ಇವತ್ತು ಯಾರು ನೆನೆಯುತ್ತಾರೆ?

ಕುಣಿಯಲು ಬಾರದವಳು ನೆಲ ಡೊಂಕೆಂದಳಂತೆ. ಭಾರತದ ಫುಟ್‌ಬಾಲಿನ ಮಟ್ಟಿಗೆ ಈ ಗಾದೆ ಅರ್ಧ ಮಾತ್ರ ಸರಿ, ಏಕೆಂದರೆ ಇಲ್ಲಿ ನೆಲವೂ ಡೊಂಕಾಗಿಯೇ ಇದೆ. ತೊಡಕು ಇರುವುದು ಇಲ್ಲೇ. ನೆಲ ಸರಿಯಿದ್ದಿದ್ದರೆ ಕುಣಿಯಲು ಬಾರದ್ದು ಎಲ್ಲರಿಗೂ ಕಾಣುತ್ತಿತ್ತು. ರೆಫರಿಯ ಪ್ರತಿ ತಪ್ಪೂ ನಮ್ಮ ರಕ್ಷಣಾ ಸಾಲಿಗೆ, ತರಬೇತುದಾರನಿಗೆ, ಅವರೆಲ್ಲರ ಮೇಲೆ ಕುಳಿತಿರುವ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟಕ್ಕೆ ಒಂದೊಂದು ವರ್ಷದ ಜಾಮೀನು ಕೊಡಿಸುತ್ತಿದೆ. ಆ ಜಾಮೀನಿನ ಮೇಲೆ ನಾವು ಎಲ್ಲಿಗೆ ಬಂದಿದ್ದೇವೆ ಎಂದರೆ, 2023ರ ಜುಲೈನಲ್ಲಿ ವಿಶ್ವ ಕ್ರಮಾಂಕದಲ್ಲಿ 99ನೇ ಸ್ಥಾನದಲ್ಲಿದ್ದ ತಂಡ 2025ರ ನವೆಂಬರ್ ಹೊತ್ತಿಗೆ 142ಕ್ಕೆ ಇಳಿದಿದೆ.

ಇಳಿದ ಮೆಟ್ಟಿಲುಗಳನ್ನು ನೋಡಿ. 2025ರ ಜೂನ್ 10ರಂದು ಹಾಂಗ್‌ಕಾಂಗ್‌ನಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯ. ಮೊದಲಾರ್ಧದಲ್ಲಿ ಆಶಿಕ್ ಕುರುಣಿಯನ್ ಖಾಲಿ ಗೋಲಿನ ಮುಂದೆ ಅವಕಾಶ ಕಳೆದುಕೊಂಡಿದ್ದರು. ಆದರೂ 90 ನಿಮಿಷ ಗೋಲಿಲ್ಲದೆ ಕಳೆದಿತ್ತು, ಒಂದು ಅಂಕ ಕೈಯಲ್ಲಿತ್ತು. ಹೆಚ್ಚುವರಿ ನಿಮಿಷಗಳಲ್ಲಿ ಎತ್ತರದಿಂದ ಬಂದ ಚೆಂಡೊಂದಕ್ಕೆ ಗೋಲ್‌ಕೀಪರ್ ವಿಶಾಲ್ ಕೈತ್ ಮುನ್ನುಗ್ಗಿ ಬಂದರು. ಮುಷ್ಟಿಗೆ ಚೆಂಡು ಸಿಗಲಿಲ್ಲ, ಎದುರಾಳಿ ಸಿಕ್ಕಿದ. ಪೆನಾಲ್ಟಿ, ಗೋಲು, 1–0. ಗುವಾಹಟಿಯಲ್ಲಿ 88ನೇ ನಿಮಿಷ, ಇಲ್ಲಿ 94ನೇ ನಿಮಿಷ. ಗೋಲ್‌ಕೀಪರ್ ಬೇರೆ, ತರಬೇತುದಾರ ಬೇರೆ, ತಪ್ಪು ಮಾತ್ರ ಒಂದೇ. ಇಬ್ಬರು ಬೇರೆ ಬೇರೆ ಆಟಗಾರರು ಒಂದೇ ಬಗೆಯಲ್ಲಿ ಎಡವಿದರೆ ಆ ತಪ್ಪನ್ನು ಅವರಿಬ್ಬರ ಕೈಗಳಲ್ಲಿ ಹುಡುಕುವುದಕ್ಕಿಂತ, ಕೊನೆಯ ಹತ್ತು ನಿಮಿಷಗಳಲ್ಲಿ ಅವರ ಮುಂದೆ ನಿಂತಿದ್ದ ನಾಲ್ವರು ಎಲ್ಲಿದ್ದರು ಎಂದು ಹುಡುಕುವುದು ಲೇಸು.

ಅಕ್ಟೋಬರ್‌ನಲ್ಲಿ ಸಿಂಗಪುರ. ಅಲ್ಲಿ ಹೋಗಿ ಆಡಿದ ಪಂದ್ಯದಲ್ಲಿ ಸಂದೇಶ್ ಜಿಂಗನ್ ದ್ವಿತೀಯಾರ್ಧ ಶುರುವಾಗುತ್ತಿದ್ದಂತೆಯೇ ಎರಡನೇ ಹಳದಿ ಕಾರ್ಡ್ ಕಂಡು ಹೊರನಡೆದರು. ರಹೀಂ ಅಲಿ 90ನೇ ನಿಮಿಷದಲ್ಲಿ ಹೊಡೆದ ಗೋಲು ಹೇಗೋ ಮರ್ಯಾದೆ ಉಳಿಸಿತು. ಐದು ದಿನಗಳ ಬಳಿಕ ಗೋವಾದ ಫತೋರ್ಡಾದಲ್ಲಿ ಛಾಂಗ್ಟೆ 14ನೇ ನಿಮಿಷದಲ್ಲೇ ಮುನ್ನಡೆ ತಂದುಕೊಟ್ಟರು. ಸಾಂಗ್ ಉಯ್ ಯಂಗ್ ಎಂಬ ಒಬ್ಬನೇ ಆಟಗಾರ ವಿರಾಮಕ್ಕೆ ಮುನ್ನ ಒಂದು, ವಿರಾಮದ ನಂತರ ಒಂದು ಹೊಡೆದು ಪಂದ್ಯ ಕಸಿದುಕೊಂಡು ಹೋದ. ಮೊದಲನೆಯದನ್ನು ಹೊಡೆದವನನ್ನು ಎರಡನೆಯದಕ್ಕಾದರೂ ಯಾರಾದರೂ ಹಿಂಬಾಲಿಸಬೇಡವೇ? 2027ರ ಏಷ್ಯನ್ ಕಪ್ ಕನಸು ಅಲ್ಲಿಗೆ ಮುಗಿಯಿತು. ನವೆಂಬರ್ 18ರಂದು ಢಾಕಾದಲ್ಲಿ, 11ನೇ ನಿಮಿಷದಲ್ಲಿ ಬಿಟ್ಟುಕೊಟ್ಟ ಒಂದು ಗೋಲನ್ನು ಉಳಿದ ಇಡೀ ಪಂದ್ಯದಲ್ಲಿ ತೀರಿಸಲಾಗದೆ ಬಾಂಗ್ಲಾದೇಶಕ್ಕೂ ಸೋತೆವು. 22 ವರ್ಷಗಳಲ್ಲಿ ಅವರು ನಮ್ಮನ್ನು ಗೆದ್ದಿರಲೇ ಇಲ್ಲ. ಈ ಸೋಲುಗಳಲ್ಲಿ ಯಾವುದನ್ನು ರೆಫರಿಯ ಖಾತೆಗೆ ಬರೆಯೋಣ?

ನಮ್ಮವರಿಗೆ ರಕ್ಷಣೆ ಬಾರದು, ಅದು ನಮ್ಮ ಹಣೆಬರಹ ಎನ್ನುವವರೂ ಇದ್ದಾರೆ. ಹಣೆಬರಹದ ಮಾತನ್ನು ಬೆಂಗಳೂರಿನವರು ನಂಬಬೇಕಿಲ್ಲ, ಕಣ್ಣಾರೆ ಬೇರೆಯದನ್ನು ಕಂಡಿದ್ದಾರೆ. 2023ರ ಜೂನ್-ಜುಲೈನಲ್ಲಿ ಭುವನೇಶ್ವರದ ಇಂಟರ್‌ಕಾಂಟಿನೆಂಟಲ್ ಕಪ್‌ನಲ್ಲಿ ನಾಲ್ಕು, ಕಂಠೀರವ ಕ್ರೀಡಾಂಗಣದ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಐದು, ಒಟ್ಟು ಒಂಬತ್ತು ಪಂದ್ಯಗಳಲ್ಲಿ ಭಾರತ ಬಿಟ್ಟುಕೊಟ್ಟದ್ದು ಎರಡೇ ಗೋಲು. ಅದರಲ್ಲೊಂದು ನಾವೇ ನಮ್ಮ ಬಲೆಗೆ ಹೊಡೆದುಕೊಂಡದ್ದು. ಜಿಂಗನ್ ಮತ್ತು ಅನ್ವರ್ ಅಲಿ ನಡುವೆ ಆಗ ಮಾತೇ ಬೇಕಿರಲಿಲ್ಲ. ಒಬ್ಬರು ಮುಂದೆ ಹೋದರೆ ಇನ್ನೊಬ್ಬರು ತಾನಾಗಿ ಹಿಂದೆ ಸರಿಯುತ್ತಿದ್ದರು. ಅದು ಜಾದೂ ಆಗಿರಲಿಲ್ಲ. ಮೇ ತಿಂಗಳ ಮಧ್ಯದಿಂದ ಇಡೀ ತಂಡ ಒಂದೇ ಶಿಬಿರದಲ್ಲಿತ್ತು, ಅಷ್ಟೇ. ಮುಂದಾಳು ಒಬ್ಬನೇ ಓಡಿ ಗೋಲು ಹೊಡೆಯಬಲ್ಲ. ರಕ್ಷಣಾ ಸಾಲು ಹಾಗಲ್ಲ. ನಾಲ್ವರು ಹಲವು ವಾರ ಒಟ್ಟಿಗೆ ಬೆವರು ಸುರಿಸಿದರೆ ಮಾತ್ರ ಅದು ಸಾಲಾಗುತ್ತದೆ.

ಆ ಪಾಠವನ್ನು ಒಕ್ಕೂಟವೂ ಕ್ಲಬ್‌ಗಳೂ ಎರಡೇ ತಿಂಗಳಲ್ಲಿ ಮರೆತವು. ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಹೋದ ತಂಡ ಪಂದ್ಯದ ಹಿಂದಿನ ಸಂಜೆಯಷ್ಟೇ ಅಲ್ಲಿ ಇಳಿದು, ಮರುದಿನ ಚೀನಾದ ಎದುರು 5–1ರಿಂದ ಸೋತಿತು. 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಮೂರು ಪಂದ್ಯ, ಆರು ಗೋಲು ಬಿಟ್ಟುಕೊಟ್ಟು ಒಂದನ್ನೂ ಹೊಡೆಯದೆ ಮರಳಿತು. 2025ರ ಸಿಂಗಪುರ ಪಂದ್ಯಗಳಿಗೆ ಮುನ್ನ ಶಿಬಿರ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಅಲ್ಲಿಗೂ ಕೆಲವು ಕ್ಲಬ್‌ಗಳು ಆಟಗಾರರನ್ನು ಸಮಯಕ್ಕೆ ಕಳಿಸಲಿಲ್ಲ. ಕಳಿಸಿದವರಾದರೂ ಎಂಥ ಆಟದಿಂದ ಬಂದಿದ್ದರು? ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ನಡೆಸುವ ಹಕ್ಕಿನ ಒಪ್ಪಂದ ಮುಗಿಯುವುದರಲ್ಲಿತ್ತು. 15 ವರ್ಷ ಮೊದಲೇ ತಿಳಿದಿದ್ದ ಆ ಗಡುವಿಗೆ ಒಕ್ಕೂಟ ಏನನ್ನೂ ಸಿದ್ಧಮಾಡಿಕೊಂಡಿರಲಿಲ್ಲ. ಹಾಗಾಗಿ ಆ ವರ್ಷ ಸೆಪ್ಟೆಂಬರ್‌ಗೆ ಶುರುವಾಗಬೇಕಿದ್ದ ಲೀಗ್ ಶುರುವಾಗಲೇ ಇಲ್ಲ. ಬೆಂಗಳೂರು ಎಫ್‌ಸಿಯಂಥ ಕ್ಲಬ್ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯುವುದಾಗಿ ಘೋಷಿಸಿತು. ತಿಂಗಳುಗಟ್ಟಲೆ ಪಂದ್ಯವಿಲ್ಲದ ಡಿಫೆಂಡರ್‌ಗಳನ್ನು ಎರಡು ವಾರದಲ್ಲಿ ಸಾಲಾಗಿ ನಿಲ್ಲಿಸಿ ಎಂದು ಕೋಚ್ ಖಾಲಿದ್ ಜಮೀಲ್ ಅವರಿಗೆ ಹೇಳಿದಂತಾಯಿತು.

ಲೀಗ್ ನಡೆಯುವ ವರ್ಷಗಳಲ್ಲೂ ಪರಿಸ್ಥಿತಿ ಹೆಚ್ಚೇನೂ ಬೇರೆಯಲ್ಲ. ನಾಲ್ವರು ವಿದೇಶಿಯರು ಮೈದಾನದಲ್ಲಿರಬಹುದು. ದುಡ್ಡು ಕೊಟ್ಟು ತಂದವರನ್ನು ಕ್ಲಬ್‌ಗಳು ತಂಡದ ಬೆನ್ನುಮೂಳೆಯಲ್ಲಿ ನಿಲ್ಲಿಸುತ್ತವೆ: ಮುಂದಾಳು, ನಡುಮೈದಾನ, ನಡು ರಕ್ಷಣೆ. ಛೆಟ್ರಿ ನಂತರ ಯಾರು ಎಂದು ಹತ್ತು ವರ್ಷ ಕೇಳಿದೆವು. ಉತ್ತರ ಸಿಗದೆ ನಿವೃತ್ತರಾಗಿದ್ದ ಅವರನ್ನೇ 40ರ ವಯಸ್ಸಿನಲ್ಲಿ ವಾಪಸ್ ಕರೆದೆವು. ಜಿಂಗನ್ ನಂತರ ಯಾರು ಎಂದು ಕೇಳಿದವರೇ ಇಲ್ಲ.

ಇನ್ನು ಡೊಂಕು ನೆಲದ ಮಾತು. ಇಲ್ಲಿ ಕಂಠೀರವವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

2023ರ ಮಾರ್ಚ್ 3ರ ರಾತ್ರಿ, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್ಎಲ್ ನಾಕೌಟ್ ಪಂದ್ಯ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಹೋಗಿತ್ತು. ಪೆನಾಲ್ಟಿ ಚೌಕದ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್. ಕೇರಳದ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಗೋಲು ಬಿಟ್ಟು ಮುಂದೆ ಬಂದು ಗೋಡೆ ಕಟ್ಟಿಸುತ್ತಿದ್ದರು. ಛೆಟ್ರಿ ಯಾರಿಗೂ ಕಾಯದೆ ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಬಲೆಗೆ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಕರೆದುಕೊಂಡು ಹೊರನಡೆದರು. ಸೀಟಿ ಬೇಡ, ಗೋಡೆಯೂ ಬೇಡ ಎಂದು ತಾವು ಮೊದಲೇ ರೆಫರಿಗೆ ಹೇಳಿದ್ದಾಗಿ ಛೆಟ್ರಿ ಹೇಳಿದರು. ಸೀಟಿಯಾಗುವವರೆಗೆ ಹೊಡೆಯುವಂತಿರಲಿಲ್ಲ ಎಂಬುದು ಕೇರಳದವರ ವಾದ. ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 5 ಲಕ್ಷ ದಂಡ ಮತ್ತು 10 ಪಂದ್ಯಗಳ ನಿಷೇಧ ಬಿತ್ತು. ಆ ಕ್ಷಣದಲ್ಲಿ ರೆಫರಿ ಮತ್ತು ಛೆಟ್ರಿ ನಡುವೆ ಏನು ಮಾತಾಯಿತು ಎಂಬುದನ್ನು ಮಾತ್ರ ಜನರಿಗೆ ಯಾರೂ ಕೇಳಿಸಲಿಲ್ಲ.

ಆ ದಿನ ಬೆಂಗಳೂರಿನ ಪಶ್ಚಿಮ ಗ್ಯಾಲರಿಗೆ ನಿಯಮ ಪುಸ್ತಕ ಬಾಯಿಪಾಠವಾಗಿತ್ತು. ಹದಿನೈದು ದಿನ ಕಳೆಯಿತು. ಗೋವಾದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು 2–2, ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲು. ಆಟದ ನಾಲ್ಕು ಗೋಲುಗಳಲ್ಲಿ ಮೂರು ಪೆನಾಲ್ಟಿ. ಅದೇ ಗ್ಯಾಲರಿ ಈಗ ರೆಫರಿಗಳನ್ನು ಶಪಿಸಿತು, ಕ್ಲಬ್ ಮಾಲೀಕರು ಬಹಿರಂಗವಾಗಿ ವಿಎಆರ್ ಬೇಕೆಂದರು. ಬೇಕೇಬೇಕು, ತಕರಾರಿಲ್ಲ. ಆದರೆ ಆ ಪಂದ್ಯದ ಮೊದಲ ಪೆನಾಲ್ಟಿ ಬಂದದ್ದು ಮುಂದಾಳು ರಾಯ್ ಕೃಷ್ಣ ತಮ್ಮದೇ ಪೆನಾಲ್ಟಿ ಚೌಕದಲ್ಲಿ ಚೆಂಡಿಗೆ ಕೈಕೊಟ್ಟದ್ದರಿಂದ ಎಂಬುದನ್ನು ಯಾರೂ ಎತ್ತಲಿಲ್ಲ. ಎರಡು ವರ್ಷಗಳ ನಂತರ, 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಫೈನಲ್‌ನಲ್ಲೂ ಇದೇ ಕತೆ: ಬೆಂಗಳೂರು ಮುಂದಿತ್ತು, ನಮ್ಮ ಡಿಫೆಂಡರ್ ಒಬ್ಬರ ಕೈಗೆ ಚೆಂಡು ತಾಗಿ ಪೆನಾಲ್ಟಿ ಹೋಯಿತು, ಹೆಚ್ಚುವರಿ ಅವಧಿಯಲ್ಲಿ 2–1ರ ಸೋಲು. ಮತ್ತೆ ರೆಫರಿಗಳ ಮೇಲೆ ಬೈಗುಳ.

ಕಂಠೀರವದ ಆ ರಾತ್ರಿಯ ಮರುದಿನ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್ ಇತ್ತು. ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಕಪ್ ಗೆದ್ದಿತು. ಸೌದಿಯವರ ವ್ಯವಸ್ಥೆ ಇದ್ದುದರಿಂದ ಆ ಪಂದ್ಯಕ್ಕೆ ವಿಎಆರ್ ಇತ್ತು! ಕೋಟಿಗಟ್ಟಲೆ ವಹಿವಾಟಿನ ಲೀಗ್‌ಗೆ ಇಲ್ಲದ ಸೌಲಭ್ಯ ರಾಜ್ಯ ತಂಡಗಳ ಹುಡುಗರಿಗೆ ಪರದೇಶದಲ್ಲಿ ಸಿಕ್ಕಿತು. ಅದೇ ವರ್ಷ ಒಕ್ಕೂಟದ ಅಧ್ಯಕ್ಷ ಕಲ್ಯಾಣ್ ಚೌಬೆ ಅಗ್ಗದ ವಿಎಆರ್ ನೋಡಿಬರಲು ಬೆಲ್ಜಿಯಂಗೆ ಹೋಗಿಬಂದರು. ಅದಾದ ಮೇಲೆ ಎರಡು ಐಎಸ್ಎಲ್ ಋತುಗಳು ಮುಗಿದವು, ಆ ಪರದೆ ಇನ್ನೂ ಮೈದಾನಕ್ಕೆ ಬಂದಿಲ್ಲ.

ಬಂದರೂ ಅದು ಸಂಜೀವಿನಿಯೇನಲ್ಲ. ದೋಹಾದ ತಪ್ಪನ್ನು ವಿಎಆರ್ ಖಂಡಿತ ತಿದ್ದುತ್ತಿತ್ತು. (ಗೋಲ್‌ಲೈನ್ ತಂತ್ರಜ್ಞಾನ ಸಾಕಿತ್ತು ಎನ್ನುವವರು ಗಮನಿಸಬೇಕು: ಅದು ಎರಡು ಕಂಬಗಳ ನಡುವಿನ ಗೆರೆಯನ್ನಷ್ಟೇ ಕಾಯುತ್ತದೆ, ಚೆಂಡು ಅಲ್ಲಿ ಕಂಬದ ಹೊರಗೆ ದಾಟಿತ್ತು.) ಛೆಟ್ರಿಯ ಫ್ರೀ ಕಿಕ್ ವಿಷಯದಲ್ಲಿ ವಿಎಆರ್‌ಗೆ ಹೇಳುವುದಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ, ಅಲ್ಲಿದ್ದದ್ದು ರೆಫರಿಯ ಬಾಯಿಮಾತಿನ ಪ್ರಶ್ನೆ. ಇಂಗ್ಲೆಂಡ್‌ನಲ್ಲಿ 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ನ್ಯಾಯವಾದ ಗೋಲು ವಿಎಆರ್ ಕೋಣೆಯ ಗೊಂದಲದಿಂದಲೇ ರದ್ದಾಗಿತ್ತು. ಆದರೆ ಕೆಲವೇ ದಿನಗಳಲ್ಲಿ ಆ ಕೋಣೆಯ ಧ್ವನಿಮುದ್ರಿಕೆ ಹೊರಬಂತು. ತಪ್ಪು ಎಲ್ಲಿ, ಯಾವ ಸೆಕೆಂಡಿನಲ್ಲಿ, ಯಾರ ಮಾತಿನಿಂದ ಆಯಿತೆಂದು ಅಭಿಮಾನಿ ತನ್ನ ಕಿವಿಯಿಂದಲೇ ಕೇಳಿಸಿಕೊಂಡ. ನಮ್ಮಲ್ಲಿ ರೆಫರಿ ತಪ್ಪು ಮಾಡಿದರೆ ಒಕ್ಕೂಟ ಮೌನ, ರೆಫರಿಗೂ ಮೌನವ್ರತ. ಆ ಮೌನದಲ್ಲಿ ಅನುಮಾನ ಬೆಳೆಯುತ್ತದೆ: ಅವನಿಗೆ ದುಡ್ಡು ತಿನ್ನಿಸಿದ್ದಾರೆ, ಅವನು ಆ ರಾಜ್ಯದವನು, ಇತ್ಯಾದಿ.

ಹಾಗೆಂದು ಮಾತಾಡುವವರು ರೆಫರಿಯ ಬದುಕನ್ನೂ ಸ್ವಲ್ಪ ನೋಡಬೇಕು. ಈ ದೇಶದ ಬಹುಪಾಲು ರೆಫರಿಗಳಿಗೆ ಅದು ಹೊಟ್ಟೆಪಾಡಿನ ಕೆಲಸವಲ್ಲ. ವಾರವಿಡೀ ಬೇರೆ ಉದ್ಯೋಗ, ಪಂದ್ಯದ ದಿನ ಭತ್ಯೆ. 2002ರ ವಿಶ್ವಕಪ್‌ನಲ್ಲಿ ಭಾರತದ ಕೆ. ಶಂಕರ್ ಸಹಾಯಕ ರೆಫರಿಯಾಗಿ ಬಾವುಟ ಹಿಡಿದಿದ್ದರು. ತಂಡ ತಲುಪಲಾಗದ ಜಾಗಕ್ಕೆ ಆಗ ನಮ್ಮ ರೆಫರಿ ತಲುಪಿದ್ದರು. ಆ ಪರಂಪರೆಯನ್ನು ಮುಂದುವರಿಸಲು ಏನು ಮಾಡಿದೆವು? ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಬಿಸಿಲು ಹೊತ್ತಿನ ಲೀಗ್ ಪಂದ್ಯವೊಂದನ್ನು ನೋಡಿದರೆ ಸಾಕು. ಗ್ಯಾಲರಿಯಲ್ಲಿ ಐವತ್ತು ಜನ. ಆಫ್‌ಸೈಡ್ ಬಾವುಟ ಏಳುತ್ತಿದ್ದಂತೆ ಆರು ಆಟಗಾರರು ಲೈನ್ಸ್‌ಮನ್ ಕಡೆ ಓಡುತ್ತಾರೆ, ಅಷ್ಟರಲ್ಲಿ ಬೆಂಚಿನಿಂದ ಮ್ಯಾನೇಜರ್ ಎದ್ದು ಅವರ ತಾಯಿಯ ಹೆಸರು ಹಿಡಿಯುತ್ತಾರೆ. ಇತ್ತ ಚೆಂಡು ಆಡಿಸುವುದು ಶುರುವಾದರೂ ಆ ಆರು ಜನರಲ್ಲಿ ಇಬ್ಬರು ಇನ್ನೂ ಲೈನ್ಸ್‌ಮನ್ ಮುಂದೆಯೇ ಇರುತ್ತಾರೆ. ಇಬ್ಬರೂ ಡಿಫೆಂಡರ್‌ಗಳು. ಸೀಟಿ ಬರುವವರೆಗೆ ಆಡು ಎಂಬ ಮೊದಲ ಪಾಠ ಹದಿನಾರರ ಹುಡುಗನ ತಲೆಗೆ ಹೋಗುವ ಮೊದಲೇ ರೆಫರಿಯ ಜೊತೆ ಜಗಳವಾಡು ಎಂಬ ಪಾಠ ಹೋಗಿರುತ್ತದೆ.

ಮೇಲಿನವರನ್ನು ನೋಡಿಯೇ ಅವರು ಕಲಿಯುವುದು. 2023ರ ಸ್ಯಾಫ್‌ನಲ್ಲಿ ಕಂಠೀರವದಲ್ಲೇ ಆಗಿನ ಕೋಚ್ ಇಗೊರ್ ಸ್ಟಿಮಾಚ್, ಥ್ರೋ ಎಸೆಯಲು ನಿಂತ ಪಾಕಿಸ್ತಾನದ ಆಟಗಾರನ ಕೈಯಿಂದ ಚೆಂಡನ್ನು ತಟ್ಟಿ ಕೆಡವಿ ಕೆಂಪು ಕಾರ್ಡ್ ಕಂಡರು. ಅದೇ ಟೂರ್ನಿಯಲ್ಲಿ ಕುವೈತ್ ವಿರುದ್ಧ ಇನ್ನೊಂದು. ಗ್ಯಾಲರಿ ಅವರನ್ನು ವೀರನಂತೆ ಮೆರೆಸಿತು. ಕಪ್ ಬಂದಿದ್ದರಿಂದ ಎಲ್ಲವೂ ಮಾಫಿ ಆಯಿತು.

ಫುಟ್‌ಬಾಲ್ ನಮಗೇನು, ಅದು ಬಂಗಾಳ, ಕೇರಳ, ಗೋವಾದವರ ತಲೆನೋವು ಎನ್ನುವ ಕನ್ನಡ ಓದುಗರಿಗೆ ಒಂದು ಮಾತು. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ಕ್ಲಬ್ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿದ್ದ ಕೆಂಪಯ್ಯ ಕೂಡ. ಹಲಸೂರಿನ ಗೌತಮಪುರದಲ್ಲಿ ಪೆಲೆಗೆ ಪ್ರತಿಮೆ ನಿಲ್ಲಿಸಿದ ಊರು ಇದು. ಇವತ್ತು ಒಕ್ಕೂಟದ ಉಪಾಧ್ಯಕ್ಷ ಸ್ಥಾನದಲ್ಲಿರುವವರೂ ನಮ್ಮ ರಾಜ್ಯ ಸಂಸ್ಥೆಯ ಅಧ್ಯಕ್ಷ, ಶಾಸಕ ಎನ್.ಎ. ಹ್ಯಾರಿಸ್. ಹಾಗಾಗಿ ದೆಹಲಿಯನ್ನು ಪ್ರಶ್ನಿಸುವ ಹಕ್ಕು ಕರ್ನಾಟಕಕ್ಕೆ ಬೇರೆಯವರಿಗಿಂತ ಕಡಿಮೆಯಿಲ್ಲ.

ಕೇಳಬೇಕಾದದ್ದು ಏನು? ಹೊಸ ಕೋಚ್ ಅಲ್ಲ. ಸ್ಟಿಮಾಚ್, ಮನೋಲೊ ಮಾರ್ಕ್ವೆಜ್, ಜಮೀಲ್ ಎಂದು ಹದಿನೈದು ತಿಂಗಳಲ್ಲಿ ಮೂವರನ್ನು ನೋಡಿಯಾಗಿದೆ. ದೋಹಾದ ನಂತರ ಒಕ್ಕೂಟ ತನಿಖೆಗೆ ಒತ್ತಾಯಿಸಿ ದೂರು ಕೊಟ್ಟಿತು, ವಾರದೊಳಗೆ ಕೋಚನ್ನು ವಜಾ ಮಾಡಿತು. ಗುವಾಹಟಿಯ ಬಗ್ಗೆ, ಹಾಂಗ್‌ಕಾಂಗ್ ಬಗ್ಗೆ, ಫತೋರ್ಡಾದ ಬಗ್ಗೆ ತನ್ನ ತಾಂತ್ರಿಕ ಸಮಿತಿ ಏನು ಕಂಡುಕೊಂಡಿದೆ ಎಂಬುದನ್ನು ಅದು ಲಿಖಿತವಾಗಿ ಜನರ ಮುಂದಿಡಲಿ. ಐಎಸ್ಎಲ್‌ನ ವಿವಾದಿತ ತೀರ್ಪುಗಳ ಬಗ್ಗೆ ಪ್ರತಿ ವಾರ ರೆಫರಿ ವಿಭಾಗದ ಮುಖ್ಯಸ್ಥರೇ ವಿವರಣೆ ಕೊಡಲಿ, ರೆಫರಿಯ ಮೈಕಿನ ಧ್ವನಿ ಸಮೇತ. ಅದಕ್ಕೆ ಬೆಲ್ಜಿಯಂ ಪ್ರವಾಸ ಬೇಕಿಲ್ಲ. ಮೊದಲ ದರ್ಜೆಯ ರೆಫರಿಗಳಿಗೆ ಪೂರ್ಣಾವಧಿ ಸಂಬಳ ಕೊಡಲಿ. ನಾಲ್ಕು ಕೋಟಿ ದಂಡ ಹಾಕಬಲ್ಲ ಸಂಸ್ಥೆಗೆ ಅದು ದೊಡ್ಡ ಹೊರೆಯೇನಲ್ಲ.

ಮುಂದಿನ ಅರ್ಹತಾ ಸುತ್ತಿನ ವೇಳಾಪಟ್ಟಿ ಹೊರಬೀಳುವ ಮುನ್ನವೇ ಪ್ರತಿ ಪಂದ್ಯಕ್ಕೂ ಮುಂಚಿತವಾಗಿ ಎಷ್ಟು ದಿನ ಆಟಗಾರರನ್ನು ಬಿಟ್ಟುಕೊಡುತ್ತೇವೆ ಎಂದು ಎಲ್ಲ ಕ್ಲಬ್‌ಗಳಿಂದ ಬರೆಸಿಕೊಳ್ಳಬೇಕು. ಬೆಂಗಳೂರು ಎಫ್‌ಸಿ ಮೊದಲು ಸಹಿ ಹಾಕಲಿ.